ಹತ್ತು ಸಾವಿರ ಲ್ಯೂಮೆನ್ನಿನ ಟಾರ್ಚು

ಬಿಷ್ಕೆಕ್
೪ ಏಪ್ರಿಲ್ ೨೦೧೬

ಹಿರಿಯಣ್ಣ ಮೆಲಿಸ್ ಬಾಯ್ಕೆ ಅವರಿಗೆ,

ಕನಿಶಾಯ್ ಮಾಡುವ ಸಲಾಂ. ನಿಮ್ಮ ಮನೆಯವರು, ನಮ್ಮಕ್ಕ ಬುರ್ಮಾಕಾನ್ ಎಜೆಯ ಮಂಡಿ ನೋವು ಹೇಗಿದೆ? ಕಳೆದ ತಿಂಗಳು ನೀವು ಕಳಿಸಿದ ಹೊಗೆ ಹಾಕಿದ ಮೀನು ನನಗೆ ತಲುಪುವಷ್ಟರಲ್ಲಿ ಅರ್ಧವಾಗಿತ್ತು. ವ್ಯಾನು ಓಡಿಸುವ ಸಾಗಿನ್‌ನನ್ನು ಕೇಳಿದರೆ, "ನೂರೆಪ್ಪತ್ತು ಕಿಲೋಮೀಟರ್ ಆ ವಾಸನೆ ಜೊತೆ ಒಬ್ಬನೇ ಕೂತ್ಕೊಂಡು ಬರೋದು ಸುಮ್ನೇನಾ ಎಜೆ?" ಎಂದ.

ಫೋನಿನಲ್ಲಿ ಎಷ್ಟು ಕೂಗಿದರೂ ನಮ್ಮ ಇಡೀ ಪುರಾತತ್ವ ಕಚೇರಿಗೆ ಕೇಳುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಅದಕ್ಕೇ ಎಂದಿನಂತೆ ಸಾಗಿನ್ ಕೈಯಲ್ಲಿ ಕಾಗದ ಕೊಡುತ್ತಿದ್ದೇನೆ. ಜೊತೆಗೆ ಒಂದು ಡಬ್ಬಿಯೂ ಇದೆ.

ಅದರಲ್ಲಿರುವುದು ನೀರಿನಡಿ ಉರಿಯುವ ಎಲ್‌ಇಡಿ ಟಾರ್ಚು. ಕಂಟೇನರ್ ಬಜಾರಿನಲ್ಲಿ ಗುಲ್ಸುನ್ ಎಂಬ ಹೆಂಗಸು ಮಾರುತ್ತಿದ್ದಾಳೆ. ಗಡಿಯಾಚೆಯಿಂದ ಬಂದ ಮಾಲು. ಬೆಲೆ ಎರಡು ಸಾವಿರದ ಇನ್ನೂರು ಸೋಮ್. ಡಬ್ಬಿಯ ಮೇಲೆ ಹತ್ತು ಸಾವಿರ ಲ್ಯೂಮೆನ್ ಬೆಳಕು, ನೂರು ಮೀಟರ್ ಆಳ, ನಾಲ್ಕು ಗಂಟೆ ಉರಿಯುತ್ತದೆ ಎಂದೆಲ್ಲ ಬರೆದಿದೆ. ಯುರೋಪಿನದು ಕೊಳ್ಳೋಣವೆಂದರೆ ಒಂದಕ್ಕೆ ಹತ್ತೊಂಬತ್ತು ಸಾವಿರ. ಈ ಸಲ ದೀಪಕ್ಕೆಂದು ನಮಗೆ ಸಿಕ್ಕಿರುವುದೇ ಇಪ್ಪತ್ತೈದು ಸಾವಿರ. ನಮ್ಮ ಹಳೆಯ ದೀಪಗಳು ಹೋದ ವರ್ಷವೇ ಕಣ್ಣು ಮುಚ್ಚಿದವು, ನಿಮಗೇ ಗೊತ್ತು.

ತೋಂಗ್ ಕೊಲ್ಲಿಯ ದಿಬ್ಬದ ನೆರಳಲ್ಲಿ ಹೋದ ಸೆಪ್ಟೆಂಬರಿನಲ್ಲಿ ಸರೋವರದ ತಳದ ಮರಳು ಸರಿದು ಕಂಡ ಹಳೇ ಕಾಲದ ಮಣ್ಣಿನ ಜಾಡಿಗಳ ಸಾಲು ನೆನಪಿದೆಯಲ್ಲ. ಜೂನ್ ತಪ್ಪಿದರೆ ಮತ್ತೆ ಮರಳು ಮುಚ್ಚಿಕೊಳ್ಳುತ್ತದೆ. ಬೆಳಕಿಲ್ಲದೆ ಜಾಡಿಯೊಳಗೆ ಏನಿದೆ ಎಂದು ನೋಡುವುದಾದರೂ ಹೇಗೆ?

ಕೊಳ್ಳಬಹುದೋ ಬೇಡವೋ, ನೀವು ಪರೀಕ್ಷಿಸಿ ಬರೆಯಿರಿ. "ಮೆಲಿಸ್ ಸಹಿ ಹಾಕಿದ್ರೆ ನಾನೂ ಹಾಕ್ತೀನಿ, ಇಲ್ಲಾಂದ್ರೆ ಇಲ್ಲ" ಎಂದು ನಿರ್ದೇಶಕರು ಹೇಳಿದ್ದಾರೆ. ಒಳ್ಳೆಯ ಮಾತೇ ಬರೆಯುತ್ತೀರೆಂದು ನನಗೆ ಆಸೆ.

ನಿಮ್ಮ,
ಕನಿಶಾಯ್


ಬಾಲಿಕ್ಚಿ
೧೧ ಏಪ್ರಿಲ್

ಮಗಳೇ ಕನಿಶಾಯ್,

ಬುರ್ಮಾಕಾನಳ ಮಂಡಿ ಅವಳ ಬಾಯಿಯಷ್ಟು ಚುರುಕಾಗಿಲ್ಲ, ಆದರೂ ಪರವಾಗಿಲ್ಲ. ಸಾಗಿನ್ ಈ ಸಲ ಡಬ್ಬಿಯನ್ನು ಪೂರ್ತಿ ತಲುಪಿಸಿದ್ದಾನೆ. ಟಾರ್ಚನ್ನು ತಿನ್ನಲಾಗುವುದಿಲ್ಲವಲ್ಲ.

ವಾರವಿಡೀ ಅದನ್ನು ಕೈಯಲ್ಲಿ ಹಿಡಿದೇ ಇದ್ದೆ. "ಒಂದು ಟಾರ್ಚನ್ನ ಸೊಸೆ ನೋಡೋಕೆ ಹೋದೋರ ಹಾಗೆ ತಿರುಗಿಸಿ ತಿರುಗಿಸಿ ನೋಡ್ತಿದೀಯಲ್ಲ" ಎಂದು ಬುರ್ಮಾಕಾನ್ ನಕ್ಕಳು. ಅಗ್ಗದ ಮಾಲನ್ನು ಹಾಗೆಯೇ ನೋಡಬೇಕು.

ಮೊದಲು ಬ್ಯಾಟರಿ. ಔಷಧಿ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿದೆ. ಅಸಲಿ ಬ್ಯಾಟರಿಯಾದರೆ ನಲವತ್ತೈದು ಗ್ರಾಂ ಬರಬೇಕು. ಇದು ಇಪ್ಪತ್ತೆಂಟು. ಒಳಗೆ ಏನು ತುಂಬಿದ್ದಾರೋ, ಮೈದಾ ಹಿಟ್ಟೋ. ಸರೋವರದ ತಣ್ಣೀರನ್ನು ಬಕೆಟ್ಟಿನಲ್ಲಿ ತುಂಬಿ, ಟಾರ್ಚು ಮುಳುಗಿಸಿ, ಗಡಿಯಾರ ಇಟ್ಟುಕೊಂಡು ಕೂತೆ. ಹನ್ನೊಂದು ನಿಮಿಷ ಜೋರಾಗಿ ಉರಿದು ಅರ್ಧಕ್ಕಿಳಿಯಿತು. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸತ್ತಿತು. ನಾಲ್ಕು ಗಂಟೆ ಎಂದು ಬರೆದವನು ಯಾವ ಗಡಿಯಾರ ನೋಡಿದನೋ. ಹತ್ತು ಸಾವಿರ ಲ್ಯೂಮೆನ್ ಎಂಬುದೂ ಅದೇ ಬಾಯಿಂದ ಬಂದ ಮಾತು. ಸಾವಿರವಿದ್ದರೆ ಹೆಚ್ಚು.

ಎರಡನೆಯದು, ನೀರು ಒಳಗೆ ಹೋಗುತ್ತದೆಯೇ ಎಂಬುದು. ಬ್ಯಾಟರಿ ತೆಗೆದು, ಒಳಗೆ ತೆಳ್ಳನೆಯ ಕಾಗದ ತುರುಕಿ, ರಬ್ಬರು ಉಂಗುರಗಳಿಗೆ ಗ್ರೀಸು ಸವರಿ ಮುಚ್ಚಿದೆ. ಕಲ್ಲು ಕಟ್ಟಿ, ನನ್ನ ಜೊತೆ ನೀರಿಗಿಳಿಯುವ ಎರ್ಕಿನ್‌ನ ದೋಣಿಯಿಂದ ಮೂವತ್ತು ಮೀಟರು ಹಗ್ಗ ಬಿಟ್ಟೆವು. ಅರ್ಧ ಗಂಟೆಯ ನಂತರ ಎತ್ತಿದಾಗ ಕಾಗದ ಬೂದಿಯಷ್ಟು ಒಣಗಿತ್ತು. ಇಲ್ಲಿ ಮೋಸವಿಲ್ಲ. ಉಂಗುರ ಎರಡಿದೆ, ಎರಡೂ ಸರಿಯಾಗಿ ಕೂತಿವೆ.

ಮೂರನೆಯದು ಸ್ವಿಚ್ಚು. ಅದು ಅಯಸ್ಕಾಂತದ ಮೇಲೆ ಕೆಲಸ ಮಾಡುವ ಸ್ವಿಚ್ಚು. ನಮ್ಮ ದಡದಲ್ಲಿ ಕಪ್ಪು ಮರಳಿದೆ, ಅದು ಕಬ್ಬಿಣದ ಮರಳು. ಒಂದು ಸಲ ಕೆಳಗಿಟ್ಟು ಎತ್ತಿದ್ದಕ್ಕೇ ಸ್ವಿಚ್ಚಿಗೆ ಗಡ್ಡ ಬೆಳೆದಿತ್ತು. ತಳ್ಳಿದರೆ ಅಲ್ಲಾಡದು. ಈ ಸಂಗತಿ ಡಬ್ಬಿಯ ಮೇಲೆ ಬರೆದಿಲ್ಲ.

ಇಷ್ಟೇ ಆಗಿದ್ದರೆ, ಬೇರೆ ಬ್ಯಾಟರಿ ಹಾಕಿ ಹೇಗೋ ಸುಧಾರಿಸೋಣ ಎನ್ನುತ್ತಿದ್ದೆ. ಆದರೆ ನಿನ್ನೆ ಹಳೆಯ ಬಂದರು ಕಟ್ಟೆಯ ಹತ್ತಿರ ಏಳು ಮೀಟರಿಗೆ ನಾನೇ ಇಳಿದೆ. ಈ ಬೆಳಕು ಕಚ್ಚುವುದಿಲ್ಲ, ಮಗಳೇ. ಮುಂದೆ ಬಿಳಿ ಮಂಜು ಕಟ್ಟುತ್ತದೆ. ಮಜ್ಜಿಗೆಯಲ್ಲಿ ದೀಪ ಹಚ್ಚಿದ ಹಾಗೆ. ಸುತ್ತ ಒಂದು ಬಳೆ, ಬಳೆಯೊಳಗೆ ಬರೀ ಬಿಳುಪು. ಮಡಕೆಯ ಗೆರೆ ಇರಲಿ, ಮಡಕೆಯೇ ತಪ್ಪಿಹೋದೀತು. ನನ್ನ ಹಳದಿ ಬಲ್ಬಿನ ದೀಪ ಎಷ್ಟು ಮಂಕಾದರೂ ಹೀಗೆ ಮಾಡುತ್ತಿರಲಿಲ್ಲ.

ಕೊಳ್ಳಬೇಡ.

ಮೆಲಿಸ್


ಬಿಷ್ಕೆಕ್
೧೬ ಏಪ್ರಿಲ್

ಮೆಲಿಸ್ ಬಾಯ್ಕೆ,

ನಿಮ್ಮ ಕಾಗದ ಓದಿ ಬೇಸರವಾಯಿತು. ಬ್ಯಾಟರಿ ಸುಳ್ಳು ಎಂದಿರಿ, ಒಪ್ಪಿದೆ. ಸ್ವಿಚ್ಚಿನ ಮಾತಂತೂ ನಿಮ್ಮನ್ನು ಬಿಟ್ಟು ಯಾರಿಗೂ ಹೊಳೆಯುತ್ತಿರಲಿಲ್ಲ. ಆದರೆ ಆ ಮಂಜಿನ ಮಾತು ನನಗೆ ಅರ್ಥವಾಗಲಿಲ್ಲ. ನಾನೂ ಅಂಥದ್ದೇ ಇನ್ನೊಂದು ಟಾರ್ಚನ್ನು ಇಲ್ಲಿನ ಈಜುಕೊಳಕ್ಕೆ ಒಯ್ದು ನೋಡಿದೆ. ಹನ್ನೆರಡು ಮೀಟರು ದೂರದ ಹೆಂಚಿನ ಮೇಲಿನ ಬಿರುಕೂ ಕಂಡಿತು.

ನೀವು ಇಳಿದ ದಿನ ನೀರು ಕದಡಿತ್ತೇನೋ. ಹಿಮ ಕರಗುವ ಕಾಲವಲ್ಲವೇ. ತೂಕ ಸರಿಯಿರುವ ಒಳ್ಳೆಯ ಬ್ಯಾಟರಿ ಹಾಕಿ ಇನ್ನೊಂದು ಟಾರ್ಚು ಕಳಿಸುತ್ತಿದ್ದೇನೆ. ನೀರು ತಿಳಿಯಾದ ದಿನ, ಎರ್ಕಿನ್‌ನನ್ನೂ ಕರೆದುಕೊಂಡು ಮತ್ತೊಮ್ಮೆ ಇಳಿಯಿರಿ.

ಕೋಪ ಮಾಡಿಕೊಳ್ಳಬೇಡಿ. ನೈಲಾನ್ ಹಗ್ಗ ತಂದಾಗಲೂ ನೀವು ಮೂರು ತಿಂಗಳು ಅದನ್ನು ಮುಟ್ಟಲಿಲ್ಲ. ಆಮೇಲೆ ಅದನ್ನು ಬಿಟ್ಟು ಬೇರೆ ಹಿಡಿಯಲಿಲ್ಲ. ಹೊಸ ಮಾಲೆಂದರೆ ನಿಮಗೆ ಮೊದಲು ಒಂದಿಷ್ಟು ಮುನಿಸು ಇದ್ದದ್ದೇ. ಈ ಸಲದ ಅಕ್ಷರ ನೋಡಿಯೇ ಗೊತ್ತಾಯಿತು. ಒಂದೊಂದೂ ಅಂಗಡಿಯ ಬೋರ್ಡಿನಷ್ಟು ದೊಡ್ಡದು. ನನ್ನ ಮೇಲೆ ಇಷ್ಟು ಸಿಟ್ಟೇ?

ಕನಿಶಾಯ್


ಬಾಲಿಕ್ಚಿ
೨೦ ಏಪ್ರಿಲ್

ಕನಿಶಾಯ್,

ಇಳಿದೆ. ನೀರು ತಿಳಿಯಾಗಿತ್ತು. ಎರ್ಕಿನ್ ಜೊತೆಗಿದ್ದ. ನನ್ನ ಮಾತು ಬದಲಾಗಿಲ್ಲ. ಟಾರ್ಚು ಕೆಲಸಕ್ಕೆ ಬಾರದು.

ಈ ನೀರನ್ನು ನಾನು ನಲವತ್ತಮೂರು ವರ್ಷದಿಂದ ನೋಡುತ್ತಿದ್ದೇನೆ. ನನ್ನನ್ನು ಪರೀಕ್ಷಿಸಲು ಎರಡನೆಯ ಟಾರ್ಚು ಕಳಿಸುವ ಅಗತ್ಯವಿರಲಿಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆಯವರನ್ನು ಕೇಳು.

ಎರಡನ್ನೂ ಸಾಗಿನ್ ಕೈಯಲ್ಲಿ ವಾಪಸು ಕಳಿಸಿದ್ದೇನೆ.

ಮೆಲಿಸ್


ಬಿಷ್ಕೆಕ್
೯ ಮೇ

ಮೆಲಿಸ್ ಬಾಯ್ಕೆ,

ಹತ್ತೊಂಬತ್ತು ದಿನ ನಿಮಗೆ ಬರೆಯಲಿಲ್ಲ. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಇವತ್ತು ವಿಜಯ ದಿನದ ರಜೆ. ಬೀದಿಯಲ್ಲಿ ಬ್ಯಾಂಡು ಬಾರಿಸುತ್ತಿದ್ದಾರೆ. ನಾನು ಕಿಟಕಿ ಮುಚ್ಚಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲ ಟಾರ್ಚು ನಿಮಗೆ ಕಳಿಸುವ ಮುಂಚೆಯೇ ನಾನು ಆರನ್ನು ಕೊಂಡಾಗಿತ್ತು. ನಿಮಗೆ ಹೇಳಲಿಲ್ಲ. ಗುಲ್ಸುನ್, "ಇದೇ ಕೊನೇ ಪೆಟ್ಟಿಗೆ, ನೀ ತಗೊಳ್ಳಲ್ಲ ಅಂದ್ರೆ ಈಗ್ಲೇ ಓಶ್‌ನೋರು ಎತ್ಕೊಂಡು ಹೋಗ್ತಾರೆ" ಎಂದಳು. ಅಗ್ಗದ ಮಾಲಿನ ಮುಂದೆ ನಿಂತಾಗ ನನಗೆ ಓದು ಬರಹ ಎಲ್ಲ ಮರೆತುಹೋಗುತ್ತದೆ. ನಿಮ್ಮಿಂದ ನನಗೆ ಬೇಕಾಗಿದ್ದದ್ದು ಸಹಿ, ಅಭಿಪ್ರಾಯವಲ್ಲ. ಅದಕ್ಕೇ ನೀವು ಬೇಡ ಎಂದಾಗ ನೀರು ಕದಡಿತ್ತು, ನಿಮಗೆ ಮುನಿಸು ಎಂದೆಲ್ಲ ಬರೆದೆ. ಕ್ಷಮಿಸಿ.

ಮೊನ್ನೆ ಶನಿವಾರ ಎರ್ಕಿನ್ ಶಾಲೆಯ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ. ಚಹಾಕ್ಕೆ ಕರೆದು ಕೇಳಿದೆ. "ನೀನೂ ಇಳಿದಿದ್ದೆಯಲ್ಲ, ನಿನಗೆ ಹೇಗೆ ಕಾಣ್ತು?" ಅವನು ಬಟ್ಟಲಿನೊಳಗೇ ನೋಡುತ್ತಾ, "ಮೆಲಿಸ್ ಬಾಯ್ಕೆ ಹೇಳಿದ್ದೇ ಸರಿ, ಎಜೆ" ಎಂದ. "ಅದಲ್ಲಪ್ಪ, ನಿನ್ನ ಕಣ್ಣಿಗೆ ಹೇಗೆ ಕಾಣ್ತು ಅಂತ?" ಎಂದೆ. "ಅವರು ಹೇಳಿದ್ದೇ ಸರಿ" ಎಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ನನ್ನ ಮುಂದೆ ಕೆಟ್ಟ ಸುದ್ದಿ ಬಿಡಿಸಿ ಹೇಳಲು ಅವನಿಗೆ ಸಂಕೋಚವಾಗಿರಬೇಕು. ಇಬ್ಬರು ಮುಳುಗುಗಾರರು ಬೇಡ ಎಂದ ಮೇಲೆ ಮುಗಿಯಿತು.

ಆರೂ ಟಾರ್ಚನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಗುಲ್ಸುನ್ ವಾಪಸು ತೆಗೆದುಕೊಳ್ಳುವುದಿಲ್ಲ. ನಿರ್ದೇಶಕರಿಗೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಜೂನಿನಲ್ಲಿ ಯಾರೂ ನೀರಿಗೆ ಇಳಿಯುವುದು ಬೇಡ, ದಡದ ಅಗೆತವಷ್ಟೇ ಸಾಕು ಎಂದರು. ಜಾಡಿಗಳ ಆಸೆ ಬಿಟ್ಟಿದ್ದೇನೆ. ಈ ತಿಂಗಳ ಹದಿನೆಂಟರೊಳಗೆ ಅದನ್ನೇ ಬರೆದು ಕೊಡಬೇಕು.

ನೀವು ಸತ್ಯ ಹೇಳಿದಿರಿ. ನಾನು ಕೇಳಿಸಿಕೊಳ್ಳಲಿಲ್ಲ.

ಕನಿಶಾಯ್


ಬಾಲಿಕ್ಚಿ
೧೩ ಮೇ

ಮಗಳೇ,

ಹದಿನೆಂಟರವರೆಗೆ ಏನನ್ನೂ ಬರೆದು ಕೊಡಬೇಡ. ಸಾಗಿನ್‌ಗೆ, "ಈ ಕಾಗದ ಇವತ್ತು ಸಂಜೆಯೊಳಗೆ ಅವಳ ಕೈಗೆ ಮುಟ್ಟದಿದ್ರೆ ಇನ್ನು ನಿನಗೆ ಮೀನಿನ ಮುಳ್ಳೂ ಇಲ್ಲ" ಎಂದು ಹೇಳಿ ಕಳಿಸಿದ್ದೇನೆ.

ನಾನು ಸತ್ಯ ಹೇಳಲಿಲ್ಲ. ಮೊದಲ ಕಾಗದದಲ್ಲಿ ಬರೆದದ್ದು ಸತ್ಯವೆಂದೇ ನಂಬಿ ಬರೆದೆ. ಎರಡನೆಯದು ಗೊತ್ತಿದ್ದೂ ಬರೆದ ಸುಳ್ಳು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಿನ್ನ ಎರಡನೆಯ ಟಾರ್ಚು ಬಂದ ಮೇಲೆ, ಏಪ್ರಿಲ್ ಹತ್ತೊಂಬತ್ತರ ಬೆಳಿಗ್ಗೆ ಎರ್ಕಿನ್ ಜೊತೆ ಬಂದರು ಕಟ್ಟೆಯ ಬಳಿ ಇಳಿದೆ. ಅಲ್ಲಿ ಮುಳುಗಿದ ಹಳೆಯ ಸರಕು ದೋಣಿ ಇದೆಯಲ್ಲ, ಅದರ ಪಕ್ಕಕ್ಕೆ ಹೋದೆವು. ಟಾರ್ಚು ನನ್ನ ಕೈಯಲ್ಲಿತ್ತು. ಮುಂದೆ ಅದೇ ಬಿಳಿ ಮಂಜು. ಬಲಗೈಯಲ್ಲಿ ತಗಡನ್ನು ತಡವಿಕೊಂಡು ಹೋಗುತ್ತಿದ್ದೆ. ಎರ್ಕಿನ್ ತನ್ನ ಬರೆಯುವ ಹಲಗೆಯಲ್ಲಿ ಏನೋ ಬರೆಯುತ್ತಿದ್ದ. ನೋಡುವುದಕ್ಕೆ ಅಲ್ಲಿ ಏನಿದೆ, ಇವನೇನು ಬರೆಯುತ್ತಾನೆ ಎಂದುಕೊಂಡೆ.

ಮೇಲೆ ಬಂದು ದೋಣಿಯ ಅಂಚು ಹಿಡಿದು ಕೇಳಿದೆ. "ಏನೋ ಅದು ಬರ್ಕೊಂಡಿದ್ದು?"

"ಸರಕು ದೋಣಿ ನಂಬರು, ಬಾಯ್ಕೆ. ನೀವು ಕೈ ಇಟ್ಟಿದ್ದೇ ಅದರ ಮೇಲೆ. ಒಂದೊಂದು ಅಂಕೆ ನನ್ನ ಮೊಣಕೈ ಉದ್ದ ಇದೆ."

"ನಂಗೆ ಕಾಣ್ಲಿಲ್ಲ. ಈ ಟಾರ್ಚು ಸರಿ ಇಲ್ಲ."

"ನಿಮ್ಮ ಕೈಲಿದ್ದ ಟಾರ್ಚು ಬೆಳಕಲ್ಲೇ ನಾನು ಓದಿದ್ದು. ಟಾರ್ಚು ಸರಿ ಇದೆ, ಬಾಯ್ಕೆ."

ನನ್ನ ಕಿವಿಗೆ ಬೀಳಲೆಂದು ಅವನು ಕೂಗಿಯೇ ಹೇಳಬೇಕಾಯಿತು. ಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದ ಮೂವರೂ ತಿರುಗಿ ನೋಡಿದರು.

ಮನೆಗೆ ಬಂದು, ನನ್ನ ಹಳದಿ ದೀಪವನ್ನು ಗೋಡೆಗೆ ಹಿಡಿದು ನೋಡಿದೆ. ಅದಕ್ಕೂ ಬಳೆ ಇತ್ತು. ಮಂಕಾದ್ದರಿಂದ ಇಷ್ಟು ದಿನ ಗಮನಕ್ಕೆ ಬಂದಿರಲಿಲ್ಲ ಅಷ್ಟೇ. ಎದುರು ಬರುವ ಕಾರುಗಳ ದೀಪಕ್ಕೆ ವರ್ಷದಿಂದ ಬಳೆ ಇದೆ. ಮನೆಯ ಬಲ್ಬಿಗೂ ಇತ್ತು, ಗಾಜು ಕೊಳೆಯಾಗಿದೆ ಎಂದು ಬುರ್ಮಾಕಾನಳನ್ನು ಬೈದು ಅದನ್ನು ಎರಡು ಸಲ ಒರೆಸಿಸಿದ್ದೆ. ನನ್ನ ಅಕ್ಷರ ದೊಡ್ಡದಾಗಿದ್ದೂ ಸಿಟ್ಟಿನಿಂದಲ್ಲ. ಸಣ್ಣದಾಗಿ ಬರೆದರೆ ನನಗೇ ಕಾಣುತ್ತಿರಲಿಲ್ಲ.

ನೀನು ಎಲ್ಲ ತಿಳಿದೇ ಎರಡನೆಯ ಟಾರ್ಚು ಕಳಿಸಿದ್ದೀಯೆ, ಈ ಮುದುಕನ ಕಣ್ಣು ಪರೀಕ್ಷಿಸುತ್ತಿದ್ದೀಯೆ ಎಂದುಕೊಂಡೆ. ಅದಕ್ಕೇ ಅಷ್ಟು ಬಿರುಸಾಗಿ ಬರೆದೆ. ಎರ್ಕಿನ್‌ಗೆ, "ಈ ಮಾತು ನಿನ್ನ ಬಾಯಿಂದ ಹೊರಗೆ ಬಂದ್ರೆ ನೀನು ನನ್ನ ತಮ್ಮನೇ ಅಲ್ಲ" ಎಂದೆ. ಪಾಪ, ಅವನು ನಿನ್ನ ಚಹಾ ಬಿಟ್ಟು ಓಡಿದ್ದು ನನ್ನಿಂದ. ಅವನನ್ನು ಏನೂ ಅನ್ನಬೇಡ.

ಕಿವಿ ಹೋದಾಗ ನಾನು ಹೆದರಲಿಲ್ಲ. ನೀರಿನಡಿ ಕೇಳುವುದಕ್ಕೆ ಏನಿದೆ. ಆದರೆ ಕಣ್ಣೂ ಹೋದರೆ ಜೂನಿನಲ್ಲಿ ನನ್ನನ್ನು ಯಾರು ಕರೆಯುತ್ತಾರೆ? ಟಾರ್ಚು ಕೆಟ್ಟದ್ದಾಗಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಇಷ್ಟೇ ನನ್ನ ಲೆಕ್ಕ. ಅದರಿಂದ ನಿನ್ನ ಇಡೀ ಜೂನ್ ಮುಳುಗುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬರೆಯುತ್ತಿರಲಿಲ್ಲವೇ ಎಂದು ಕೇಳಿಕೊಂಡೆ. 

ಈಗ ಟಾರ್ಚಿನ ಮಾತು. ಎರ್ಕಿನ್ ಕಣ್ಣಿನಿಂದ, ನನ್ನ ಅನುಭವದಿಂದ ಹೇಳುತ್ತಿದ್ದೇನೆ, ಇದನ್ನು ನಂಬು.

ಡಬ್ಬಿಯ ಜೊತೆ ಬಂದ ಬ್ಯಾಟರಿಗಳನ್ನು ಎಸೆದುಬಿಡು. ಉಳಿದ ಹಣದಲ್ಲಿ ಅಸಲಿ ಬ್ಯಾಟರಿ ತೆಗೆದುಕೋ, ಪ್ರತಿಯೊಂದನ್ನೂ ತೂಗಿ ತೆಗೆದುಕೋ. ನೀನು ಕಳಿಸಿದ್ದ ಒಳ್ಳೆಯ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ಉರಿಯಿತು. ಆದರೂ ನಲವತ್ತು ನಿಮಿಷಕ್ಕಿಂತ ಹೆಚ್ಚು ನಂಬಬಾರದು. ದೋಣಿಯಲ್ಲೇ ಹಚ್ಚಿಕೊಂಡು ಇಳಿಯಬೇಕು, ನೀರಿನಲ್ಲಿ ಸುಮ್ಮನೆ ಸ್ವಿಚ್ಚು ಮುಟ್ಟಬಾರದು. ಸ್ವಿಚ್ಚಿನ ಮೇಲೆ ಸೈಕಲ್ ಟ್ಯೂಬಿನ ತುಂಡು ಬಿಗಿದರೆ ಕಪ್ಪು ಮರಳು ಹತ್ತುವುದಿಲ್ಲ, ಕಟ್ಟಿ ನೋಡಿದ್ದೇನೆ. ಒಬ್ಬೊಬ್ಬರಿಗೆ ಎರಡು ಟಾರ್ಚು, ಒಂದು ಕೈಯಲ್ಲಿ, ಇನ್ನೊಂದು ಸೊಂಟದಲ್ಲಿ, ಮೊದಲನೆಯದು ಕೈಕೊಟ್ಟರೆ ಮಾತ್ರ ಹಚ್ಚಲು. ಅಂದರೆ ಆರು ಟಾರ್ಚಿಗೆ ಮೂವರು. ಮೇಲೆ ಚಾವಣಿ ಇರುವ ಕಡೆ, ಗುಹೆಯೊಳಗೆ, ಮುಳುಗಿದ ಹಡಗಿನೊಳಗೆ ಇದನ್ನು ನಂಬಿ ಹೋಗುವವನು ಹುಚ್ಚ. ನಮ್ಮ ಎಂಟು ಮೀಟರಿಗೆ, ತಲೆಯ ಮೇಲೆ ಆಕಾಶ ಇರುವ ಕೆಲಸಕ್ಕೆ, ಎರಡು ಸಾವಿರದ ಇನ್ನೂರಕ್ಕೆ ಇದು ಒಳ್ಳೆಯ ವ್ಯಾಪಾರವೇ. ನೀನು ಮೋಸ ಹೋಗಿಲ್ಲ.

ನಿರ್ದೇಶಕರ ಕಾಗದಕ್ಕೆ ಎರ್ಕಿನ್ ಸಹಿ ಹಾಕಲಿ. ನೋಡಿದವನು ಅವನು.

ಮೆಲಿಸ್


ಬಿಷ್ಕೆಕ್
೧೪ ಮೇ

ಮೆಲಿಸ್ ಬಾಯ್ಕೆ,

ಕಾಗದ ನಿನ್ನೆ ಸಂಜೆ ಐದಕ್ಕೇ ತಲುಪಿತು. ಸಾಗಿನ್ ಕಚೇರಿಯ ಮೆಟ್ಟಿಲು ಹತ್ತಿ ಬಂದು ಕೊಟ್ಟ. ಇಷ್ಟು ವರ್ಷದಲ್ಲಿ ಇದೇ ಮೊದಲು.

ನಿರ್ದೇಶಕರಿಗೆ ಟಾರ್ಚಿನ ಭಾಗವನ್ನಷ್ಟೇ ಓದಿ ಹೇಳಿದೆ. ಎರ್ಕಿನ್ ಸಹಿಗೆ ಒಪ್ಪಿದ್ದಾರೆ. ಜೂನ್ ಉಳಿಯಿತು.

ಇನ್ನೊಂದು ಮಾತಿದೆ. ಬೇರೆಯವರ ಬಾಯಿಂದ ಅದು ನಿಮಗೆ ಗೊತ್ತಾಗಬಾರದೆಂದು ನಾನೇ ಬರೆಯುತ್ತಿದ್ದೇನೆ. ಈ ಜೂನಿನಲ್ಲಿ ನೀವು ನೀರಿಗೆ ಇಳಿಯುವುದಿಲ್ಲ. ನಿಮ್ಮನ್ನು ಕರೆಯುತ್ತಿದ್ದೇನೆ, ಆದರೆ ದೋಣಿಗೆ. ಹಗ್ಗ ಹಿಡಿಯುವುದು, ಇಳಿದ ಹೊತ್ತು, ಎದ್ದ ಹೊತ್ತು ಬರೆಯುವುದು, ಟಾರ್ಚುಗಳ ಉಸ್ತುವಾರಿ. ಬೇಡವೆಂದರೆ ಬೇಡ ಎನ್ನಿ, ನನಗೆ ಅರ್ಥವಾಗುತ್ತದೆ.

ನೀವು ಹೇಳುವ ಬಳೆ ನನ್ನ ಚಿಕ್ಕಮ್ಮನಿಗೂ ಇತ್ತು. ಕಣ್ಣಿನ ಪೊರೆ. ಒಂದು ಬೆಳಿಗ್ಗೆಯ ಕೆಲಸ, ಮಧ್ಯಾಹ್ನ ಮನೆಗೆ ಬಂದು ನನ್ನ ಪರದೆ ಎಷ್ಟು ಕೊಳೆಯಾಗಿದೆ ಎಂದು ತೋರಿಸಿದಳು. ಮೇ ಇಪ್ಪತ್ತನಾಲ್ಕರ ಮಂಗಳವಾರ ಡಾಕ್ಟರು ನಿಮ್ಮನ್ನು ನೋಡುತ್ತಾರೆ. ಬುರ್ಮಾಕಾನ್ ಎಜೆಯೂ ಬರಲಿ. ನಮ್ಮ ಮನೆಯಲ್ಲೇ ಇರಬೇಕು. ಸಾಗಿನ್ ಮುಂದಿನ ಎರಡು ಸೀಟು ಹಿಡಿದಿಟ್ಟಿದ್ದಾನೆ.

ನಾನೂ ನಿಮಗೆ ಸುಳ್ಳು ಹೇಳಿದ್ದೆ. ಅದನ್ನು ಬಿಡೋಣ.

ಕನಿಶಾಯ್


ತೋಂಗ್, ಬಿಡಾರ
೨೮ ಜೂನ್

ಮಗಳೇ ಕನಿಶಾಯ್,

ನಿನ್ನ ಮಗಳ ಮಂಗಬಾವು ಇಳಿಯಿತೇ? ಅವಳ ಗಲ್ಲ ಇಳಿಯುವವರೆಗೆ ನೀನು ಬರುವ ಹಾಗಿಲ್ಲ ಎಂದು ಎರ್ಕಿನ್ ಹೇಳಿದ. ಅದಕ್ಕೇ ಮೊದಲ ದಿನದ್ದನ್ನು ಬರೆದು ಕಳಿಸುತ್ತಿದ್ದೇನೆ. ಅಕ್ಷರ ನೋಡು, ಮೊದಲಿನಷ್ಟೇ ಸಣ್ಣದಾಗಿದೆ. ಆಪರೇಷನ್ ಆದ ಬಲಗಣ್ಣಿನ ಕೃಪೆ. ಎಡಗಣ್ಣು ಮುಚ್ಚಿದರೆ ಆಕಾಶ ನೀಲಿ, ಬಲಗಣ್ಣು ಮುಚ್ಚಿದರೆ ಹಳೇ ಚಹಾ. ದಿನಕ್ಕೆ ಹತ್ತು ಸಲ ಮುಚ್ಚಿ ತೆರೆದು ಆಡುತ್ತೇನೆ. "ಯಾರಿಗೆ ಕಣ್ಣು ಹೊಡೀತಿದೀಯ ಈ ವಯಸ್ಸಲ್ಲಿ?" ಎನ್ನುತ್ತಾಳೆ ಬುರ್ಮಾಕಾನ್.

ದೋಣಿಗೆ ಬರುವುದು ಬೇಡವೆಂದೇ ಇದ್ದೆ. ನಲವತ್ತಮೂರು ವರ್ಷ ಇಳಿದವನು ಮೇಲೆ ಕೂತು ಹಗ್ಗ ಹಿಡಿಯುವುದೇ ಎಂದು. "ನಿನ್ನ ಹಗ್ಗ ಹಿಡಿದೋರೆಲ್ಲ ಅಷ್ಟು ಕಡೆಯಾ ನಿಂಗೆ?" ಎಂದಳು ಬುರ್ಮಾಕಾನ್. ಬಂದೆ.

ಇವತ್ತು ಸೂರ್ಯ ಬೆಟ್ಟ ದಾಟುವ ಮುಂಚೆಯೇ ಗಾಳಿಯಿಲ್ಲದ ಹೊತ್ತು ನೋಡಿ ಇಳಿಸಿದೆ. ಎರ್ಕಿನ್, ನಿನ್ನ ಇಬ್ಬರು ವಿದ್ಯಾರ್ಥಿಗಳು, ಒಟ್ಟು ಮೂವರು. ಆರು ಟಾರ್ಚಿಗೂ ನಾನೇ ಗ್ರೀಸು ಸವರಿ, ಸೈಕಲ್ ಟ್ಯೂಬು ಬಿಗಿದು, ಕೈಯಲ್ಲಿ ಹಿಡಿಯುವ ಮೂರನ್ನು ಹಚ್ಚಿ ಕೊಟ್ಟೆ. ಹೊತ್ತು ಬರೆದುಕೊಂಡೆ. ಐದು ಗಂಟೆ ಇಪ್ಪತ್ತು.

ಆಮೇಲೆ ಅಂಚಿನ ಮೇಲೆ ಬಗ್ಗಿ ನೋಡಿದೆ. ಎಂಟು ಮೀಟರು ಕೆಳಗೆ ಮೂರು ಬಿಳಿ ದೀಪಗಳು ದಿಬ್ಬದ ನೆರಳಲ್ಲಿ ನಡೆದಾಡುತ್ತಿದ್ದವು. ಒಂದಕ್ಕೂ ಬಳೆ ಇರಲಿಲ್ಲ. ನಾನು ಇದನ್ನು ಯಾವತ್ತೂ ಮೇಲಿನಿಂದ ನೋಡಿರಲಿಲ್ಲ, ಮಗಳೇ. ಕೆಳಗೆ ಇದ್ದಾಗ ಬರೀ ಕೈಯ ಮುಂದಿನ ಕೆಲಸ ಕಾಣುತ್ತದೆ. ದೀಪ ಹಿಡಿದ ಮನುಷ್ಯ ಎಷ್ಟು ಸಣ್ಣವನು ಎಂಬುದು ಕಾಣುವುದಿಲ್ಲ.

ಹದಿನೇಳನೆಯ ನಿಮಿಷಕ್ಕೆ ಎಡಗಡೆಯ ದೀಪ ಆರಿತು. ಆ ಜಾಗದಲ್ಲಿ ಬರೀ ಕಪ್ಪು. ಆ ಕಡೆಯ ಹಗ್ಗವನ್ನು ಎರಡು ಸಲ ಎಳೆದೆ. ಉತ್ತರವಿಲ್ಲ. ನಾನು ಕೆಳಗಿದ್ದಾಗ ಇಂಥದ್ದು ಆದರೆ, ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಇನ್ನೊಂದು ದೀಪ ಬರುತ್ತಿತ್ತು. ಹೆದರಲು ಪುರುಸೊತ್ತೇ ಇರುತ್ತಿರಲಿಲ್ಲ. ಮೇಲೆ ಪುರುಸೊತ್ತೋ ಪುರುಸೊತ್ತು. ಷೂ ಬಿಚ್ಚಿಬಿಟ್ಟಿದ್ದೆ, ಯಾವಾಗ ಬಿಚ್ಚಿದೆನೋ ತಿಳಿಯದು.

ಅಷ್ಟರಲ್ಲಿ ದೀಪ ಮತ್ತೆ ಹತ್ತಿತು. ಆಮೇಲೆ ಹಗ್ಗ ಎರಡು ಸಲ ಎಳೆಯಿತು, ಎಲ್ಲ ಸರಿ ಎಂದು. ಗಡಿಯಾರ ನೋಡಿದರೆ ಒಂದು ನಿಮಿಷವೂ ಆಗಿರಲಿಲ್ಲ.

ಎರ್ಕಿನ್ ಮೇಲೆ ಬಂದು, "ಬ್ಯಾಟರಿ ಹಿಂದಿನ ಸ್ಪ್ರಿಂಗು ಮುರ್ದಿದೆ ನೋಡಿ ಬಾಯ್ಕೆ, ಎರಡನೇದು ಸೊಂಟದಲ್ಲಿತ್ತು" ಎಂದ. ನನ್ನ ಬರಿಗಾಲು ನೋಡಿದ. "ನೀವ್ಯಾಕೆ ಷೂ ಬಿಚ್ಚಿದೀರಿ?"

"ಕಾಲು ಸೆಖೆ ಆಯ್ತು" ಎಂದೆ.

ಸಂಜೆ ದಡದಲ್ಲಿ ಬುರ್ಮಾಕಾನ್ ಮೀನು ಹುರಿಯುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತೆ. ನಾನು ಸೋವಿಯತ್ ಕಾಲದಲ್ಲಿ ಇದೇ ಸರೋವರದ ನೌಕಾನೆಲೆಯಲ್ಲಿದ್ದಾಗ, ಆಮೇಲೆ ಬಂದರಿನಲ್ಲಿದ್ದಾಗ, ಅವಳು ಎಷ್ಟೋ ಸಲ ಕಟ್ಟೆಯ ಮೇಲೆ ಬಂದು ನಿಂತಿರುತ್ತಿದ್ದಳು. ಮನೆಯಲ್ಲಿ ಕೆಲಸವಿಲ್ಲವೇ ಎಂದು ನಾನು ಗೇಲಿ ಮಾಡುತ್ತಿದ್ದೆ. ಇವತ್ತು ಬಾಣಲೆಯ ಹಿಡಿ ಹಿಡಿದುಕೊಂಡೆ. "ಸುಡುತ್ತೆ, ಬಿಡು" ಎಂದಳು. ಬಿಡಲಿಲ್ಲ.

ಜಾಡಿಗಳು ಹನ್ನೊಂದಿವೆ. ಎರಡು ಇಡಿಯಾಗಿವೆ. ಒಂದರ ಕಂಠದ ಸುತ್ತ ಅಲೆಅಲೆಯಾಗಿ ಗೆರೆ ಎಳೆದಿದ್ದಾರೆ, ಬೆರಳಿನಿಂದಲೇ ಎಳೆದ ಗೆರೆ. ಎರ್ಕಿನ್ ಹಲಗೆಯಲ್ಲಿ ಬರೆದು ತಂದ ಚಿತ್ರದ ನಕಲು ಇದರೊಳಗಿದೆ.

ಟಾರ್ಚಿನ ಲೆಕ್ಕ ಬರೆದುಕೋ. ಆರರಲ್ಲಿ ಒಂದು ಕೆಟ್ಟಿತು, ಐದು ಸರಿ. ಸ್ಪ್ರಿಂಗನ್ನು ನಾನೇ ಹಳೆಯ ದೀಪದಿಂದ ಕಿತ್ತು ಹಾಕುತ್ತೇನೆ. ಗುಲ್ಸುನ್ ಬಳಿ ಇನ್ನೂ ಇದ್ದರೆ ಎರಡು ತೆಗೆದುಕೋ. ಕೊನೆಯ ಪೆಟ್ಟಿಗೆ ಎಂದಳಲ್ಲ, ಖಂಡಿತ ಇರುತ್ತವೆ.

ಸೆಪ್ಟೆಂಬರಿನಲ್ಲಿ ಎಡಗಣ್ಣಿನ ಕೆಲಸ. ಆಮೇಲೆ ನೀರಿಗೆ ಇಳಿಯಬಾರದು ಎಂದು ಡಾಕ್ಟರು ಹೇಳಿಲ್ಲ. ಇಳಿಯಬಹುದು ಎಂದೂ ಹೇಳಿಲ್ಲ. ನಾನೂ ಕೇಳಿಲ್ಲ.

ಮೆಲಿಸ್